ಮೂಕಪ್ಪ ಡಿಲೀಟ್ ಆದದ್ದನ್ನು ತೆಗೆಯುತ್ತಾನಂತೆ

ಆದೋನಿಯ ಮೂಕಪ್ಪನಿಗೆ ಆ ಹೆಸರಿಟ್ಟವರು ಅವನು ಮುಂದೆ ಇಷ್ಟು ಮಾತಾಡುತ್ತಾನೆಂದು ಕನಸಿನಲ್ಲೂ ಎಣಿಸಿರಲಿಕ್ಕಿಲ್ಲ. ಉಳಿದ ವಿಷಯಗಳಲ್ಲಿ ಅವನದು ತೀರ ಸಾಧು ಸ್ವಭಾವ. ರಾಜಕೀಯ, ಮಳೆ, ಹತ್ತಿ ಧಾರಣೆ, ಯಾವುದರ ಬಗ್ಗೆ ಯಾರು ಏನೇ ಅಂದರೂ ಹೌದೆಂದು ತಲೆಯಾಡಿಸುತ್ತಿದ್ದ. ಆದರೆ ಕಂಪ್ಯೂಟರ್ ಎಂಬ ಶಬ್ದ ಕಿವಿಗೆ ಬಿದ್ದರೆ ಮುಗಿಯಿತು. ಕೂತವನು ನೆಟ್ಟಗಾಗುತ್ತಿದ್ದ, ಕೈಯಲ್ಲಿದ್ದದ್ದನ್ನು ಕೆಳಗಿಡುತ್ತಿದ್ದ. ಎದುರಿಗಿದ್ದವರು ಚಪ್ಪಲಿ ಹುಡುಕತೊಡಗುತ್ತಿದ್ದರು.

ಅವನು ಆಸ್ಪರಿ ರಸ್ತೆಯ ವಿಶ್ವವಿದ್ಯಾಲಯದಲ್ಲಿ ಟೆಕ್ನಿಕಲ್ ಸಪೋರ್ಟ್ ಕೆಲಸದಲ್ಲಿದ್ದ. ಪ್ರಿಂಟರಿನಲ್ಲಿ ಸಿಕ್ಕಿಕೊಂಡ ಕಾಗದ ಎಳೆಯುವುದು, ಸಡಿಲವಾದ ಪ್ಲಗ್ ಒತ್ತುವುದು, ಪಾಸ್‌ವರ್ಡ್ ಮರೆತ ಪ್ರೊಫೆಸರರಿಗೆ ಹೊಸ ಪಾಸ್‌ವರ್ಡ್ ಕೊಟ್ಟು ಇದನ್ನಾದರೂ ಮರೆಯಬೇಡಿ ಎಂದು ಕೈ ಮುಗಿಯುವುದು, ಇದು ಅವನ ದಿನಚರಿ. ಬೇರೆಯವರಿಗೆ ಇಂಥ ಕೆಲಸದಿಂದ ಬೆನ್ನುನೋವು ಬರುತ್ತದೆ. ಮೂಕಪ್ಪನಿಗೆ ಅಭಿಪ್ರಾಯಗಳು ಬಂದವು. ಯಾವ ಯಂತ್ರವೇ ಆಗಲಿ, ಒಮ್ಮೆ ಆಫ್ ಮಾಡಿ ಆನ್ ಮಾಡದೆ ಅವನನ್ನು ಕರೆಯುವುದು ಅಪರಾಧ. ಮಗಳ ಹೆಸರನ್ನು ಪಾಸ್‌ವರ್ಡ್ ಮಾಡಿಕೊಂಡವನು ಮಗಳನ್ನೂ ಕಾಪಾಡಲಾರ. ವೈರಸ್ ಬಂತೆಂದು ಬೊಬ್ಬೆ ಹೊಡೆಯುವ ಸಾಫ್ಟ್‌ವೇರೇ ಅಸಲಿ ವೈರಸ್. ಇವನ್ನೆಲ್ಲ ಅವನು ವಿಶ್ವವಿದ್ಯಾಲಯದಲ್ಲಿ ಹೇಳುವಂತಿರಲಿಲ್ಲ, ಅಲ್ಲಿ ಅಭಿಪ್ರಾಯ ಹೇಳಲು ಬೇರೆಯವರನ್ನು ನೇಮಿಸಿದ್ದರು. ಹಾಗಾಗಿ ಎಲ್ಲವನ್ನೂ ಹೊತ್ತುಕೊಂಡು ಮನೆಗೆ ಬರುತ್ತಿದ್ದ. ಹೆಂಡತಿ ಈಶ್ವರಿ ಒಲೆಯ ಮುಂದೆ ಬೆನ್ನು ತಿರುಗಿಸಿ ಕೇಳುತ್ತಿದ್ದಳು. ತಾಯಿ ಗಾದಿಲಿಂಗಮ್ಮ ಅರ್ಥವಾಗದಿದ್ದರೂ ಹೆಮ್ಮೆಯಿಂದ ಕೇಳುತ್ತಿದ್ದಳು.

ಒಂದು ಭಾನುವಾರ ಬೆಳಿಗ್ಗೆ ಎದುರುಮನೆಯ ಹತ್ತಿ ವ್ಯಾಪಾರಿ ಚಂದ್ರಣ್ಣ ತನ್ನ ಮನೆಯ ಕಟ್ಟೆಗೆ ಓಣಿಯ ನಾಲ್ಕು ಜನರನ್ನು ಕರೆದು ಮಂಡಕ್ಕಿ ಉಗ್ಗಾಣಿ, ಬಜ್ಜಿ ಕೊಡಿಸಿದ. ಕಾರಣ ದೊಡ್ಡದೇ ಇತ್ತು. ಮಗಳು ಹೇಮಾವತಿಗೆ ಹಾಲಹರವಿಯ ಸಂಬಂಧ ಕುದುರಿತ್ತು. ಹುಡುಗ ಸೋಮೇಶ್, ಬೀಜ ಗೊಬ್ಬರದ ಅಂಗಡಿ, ಮರ್ಯಾದಸ್ಥ ಮನೆತನ. ನಿಶ್ಚಿತಾರ್ಥಕ್ಕೆ ದಿನ ಗೊತ್ತಾಗಿತ್ತು. ಆ ಮಾತು ಈ ಮಾತು ಆದಮೇಲೆ ಚಂದ್ರಣ್ಣ ಬಜ್ಜಿ ಮುರಿಯುತ್ತ, ತನಗೇನೂ ಸಂಬಂಧವಿಲ್ಲದವನ ಹಾಗೆ ಕೇಳಿದ:

"ಅಲ್ಲ ಮೂಕಪ್ಪ, ಫೋನಿನಾಗ ಏನಾರ ಡಿಲೀಟ್ ಮಾಡಿದ್ರ ಅದು ಹೋದಂಗ ಅಲ್ಲೇನು?"

ಮೂಕಪ್ಪ ತಟ್ಟೆ ಕೆಳಗಿಟ್ಟ.

"ಯಾರಂದ್ರು ಹೋತು ಅಂತ? ಅಣ್ಣಾರ, ಡಿಲೀಟ್ ಅಂದ್ರ ಅಂಗಡಿ ಬೋರ್ಡ್ ತೆಗೆದಂಗ ಅಷ್ಟ. ಅಂಗಡಿ ಅಲ್ಲೇ ಇರ್ತೈತಿ, ಸಾಮಾನು ಅಲ್ಲೇ ಇರ್ತೈತಿ. ಬೋರ್ಡಿಲ್ಲ ಅಂತ ನಿಮಗ ಕಾಣಂಗಿಲ್ಲ. ತಿಳದೋರಿಗೆ ಕಾಣ್ತೈತಿ."

ಇಲ್ಲಿಗೆ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ನಾಲ್ಕು ಜನ ಬಾಯಿ ತೆರೆದು ಕೇಳುತ್ತಿರುವಾಗ ನಿಲ್ಲಿಸಿದ ಮನುಷ್ಯ ಇನ್ನೂ ಹುಟ್ಟಿಲ್ಲ. ಮೂಕಪ್ಪ ಇನ್ನೊಂದು ವಾಕ್ಯ ಸೇರಿಸಿದ:

"ಬೇಕಂದ್ರ ನಾ ತೆಗೆದು ತೋರಸ್ತೀನಿ."

ನಿಜವೇನೆಂದರೆ ಹಿಂದೊಮ್ಮೆ ಒಬ್ಬ ಪ್ರೊಫೆಸರರ ಪೆನ್‌ಡ್ರೈವಿನಿಂದ ಅಳಿಸಿಹೋಗಿದ್ದ ಒಂದು ಪಾಠವನ್ನು ಅವನು ಯಾವುದೋ ಸಾಫ್ಟ್‌ವೇರ್ ಹಾಕಿ ತೆಗೆದಿದ್ದ. ಅರ್ಧ ಬಂದಿತ್ತು, ಅದರಲ್ಲೂ ಅರ್ಧ ಅಕ್ಷರಗಳ ಬದಲು ಬರೀ ಚೌಕಗಳಾಗಿ ಬಂದಿತ್ತು. ಪ್ರೊಫೆಸರರು ಅದನ್ನೇ ಪಾಠ ಮಾಡಿದರು, ವಿದ್ಯಾರ್ಥಿಗಳು ಬರೆದುಕೊಂಡರು. ಮೂಕಪ್ಪನ ಜೀವನದ ದೊಡ್ಡ ಗೆಲುವು ಅದೊಂದೇ.

ಚಂದ್ರಣ್ಣನ ಬಜ್ಜಿ ಬಾಯಿಯ ಹತ್ತಿರ ಹೋದದ್ದು ಅಲ್ಲೇ ನಿಂತಿತು.

ಸುದ್ದಿ ಕಟ್ಟೆಯಿಂದ ಇಳಿದು ಓಣಿ ದಾಟಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಅದಕ್ಕೆ ವೇಗ ಕೊಟ್ಟವಳು ಗಾದಿಲಿಂಗಮ್ಮ. ನಲ್ಲಿಯ ಹತ್ತಿರ ಕೊಡ ಇಟ್ಟು ಆಕೆ ಹೇಳಿದಳು: "ನನ್ನ ಮಗ ಅಳಿಸಿದ್ದನ್ನ ಓದ್ತಾನವ್ವ. ಮುಂದ ಕುಂತು ಓದಬೇಕಂತಿಲ್ಲ, ದೂರದಿಂದ್ಲೂ ಓದ್ತಾನ." ಕೇಳಿದವರು ತಮ್ಮ ತಮ್ಮ ಮನೆಗೆ ಹೋಗಿ ತಮಗೆ ಬೇಕಾದಷ್ಟು ಸೇರಿಸಿಕೊಂಡರು. ಸಂಜೆಯ ಹೊತ್ತಿಗೆ ಮೂಕಪ್ಪ ಓಣಿಯಲ್ಲಿ ನಡೆದುಹೋದರೆ ಸಾಕು, ಎರಡೂ ಕಡೆಯ ಮನೆಗಳ ಫೋನುಗಳಲ್ಲಿರುವುದೆಲ್ಲ ಅವನ ಕಣ್ಣಿಗೆ ಕಾಣುತ್ತದೆ ಎಂಬಲ್ಲಿಗೆ ಬಂದು ನಿಂತಿತು.

ಅಂದಿನಿಂದ ಲೋಕವು ಮೂಕಪ್ಪನ ವಿಷಯದಲ್ಲಿ ವಿಚಿತ್ರವಾಗಿ ನಡೆದುಕೊಳ್ಳತೊಡಗಿತು. ಹಾಲಿನವನು ತಂದ ಹಾಲಿನಲ್ಲಿ ಕೆನೆ ಕಟ್ಟಿತು. ಪಕ್ಕದ ಮನೆಯವರು ಯಾವತ್ತೋ ಒಯ್ದಿದ್ದ ಏಣಿಯನ್ನು ತೊಳೆದು ತಂದಿಟ್ಟರು. ಹೆಡ್ ಕಾನ್‌ಸ್ಟೇಬಲ್ ಸುಂಕಪ್ಪ ಯೂನಿಫಾರ್ಮ್ ಇಲ್ಲದೆ ಬಂದು, ಮೂಕಪ್ಪ ಮಗುವಾಗಿದ್ದಾಗಿನ ಆರೋಗ್ಯದಿಂದ ಹಿಡಿದು ಎಲ್ಲ ವಿಚಾರಿಸಿ, ಕೊನೆಗೆ ಧ್ವನಿ ತಗ್ಗಿಸಿದ:

"ನನ್ನ ದೋಸ್ತ ಒಬ್ಬಾತ ಅದಾನ. ಆತನ ಫೋನಿನಾಗ ಒಂದು ಫೋಟೊ ಇತ್ತು. ಅಂಥದ್ದೇನಿಲ್ಲ. ಅದು ನಿನಗ ಕಂಡಿತ್ತಂದ್ರ..."

"ಏನು ಕಂಡಿತ್ತಂದ್ರ?"

"ಕಂಡಿಲ್ಲ ಅಂತ ತಿಳ್ಕೋ," ಎಂದು ಸುಂಕಪ್ಪ ಸೆಲ್ಯೂಟ್ ಹೊಡೆದು ಹೋದ.

ವಿಶ್ವವಿದ್ಯಾಲಯದಲ್ಲೂ ಗಾಳಿ ಬದಲಾಗಿತ್ತು. ವಿಭಾಗದ ಮುಖ್ಯಸ್ಥರಾದ ಶ್ರೀರಾಮುಲು ಸಾರ್ ತೆಲುಗಿನವರು. ಮೂಕಪ್ಪನನ್ನು ಮೇಜಿನ ಕೆಳಗೆ ಪ್ಲಗ್ ಹುಡುಕುವ ಭಂಗಿಯಲ್ಲಿ ಬಿಟ್ಟು ಬೇರೆ ಭಂಗಿಯಲ್ಲಿ ಅವರು ನೋಡಿದ್ದೇ ಅಪರೂಪ. ಅವರು ಅಂದು ಎದ್ದು ನಿಂತರು.

"ರಾವಯ್ಯಾ ಮೂಕಪ್ಪಾ, ಕೂರ್ಚೋ, ಕೂರ್ಚೋ," ಎಂದು ಕುರ್ಚಿ ಎಳೆದು ಕೂರಿಸಿದರು. ಟೀ ತರಿಸಿದರು. ಫ್ಯಾನಿನ ಕಡೆ ನೋಡುತ್ತ, "ಆಫೀಸ್ ಸಿಸ್ಟಮ್‌ನಾಗ ಎಲ್ಲಾರೂ ಒಂದಿಷ್ಟು ಪರ್ಸನಲ್ ಇಟ್ಕೊಂಡಿರ್ತಾರ. ಅದು ಸಹಜಮೇ ಕದಾ?" ಎಂದರು.

"ಸಹಜಾನೇ ಸಾರ್," ಎಂದ ಮೂಕಪ್ಪ.

ಸಾರ್ ಅವನ ಕೈ ಹಿಡಿದು ಬಹಳ ಹೊತ್ತು ಬಿಡಲಿಲ್ಲ.

ಇಷ್ಟು ವರ್ಷದ ತನ್ನ ಯೋಗ್ಯತೆಯನ್ನು ಜನ ಕೊನೆಗೂ ಗುರುತಿಸಿದರು ಎಂದು ಮೂಕಪ್ಪ ತಿಳಿದುಕೊಂಡ. ಅವರಿಗೆಲ್ಲ ತನ್ನನ್ನು ಕಂಡರೆ ಹೆದರಿಕೆ ಎಂಬುದು ಅವನ ತಲೆಗೆ ಹೋಗಲೇ ಇಲ್ಲ. ಹೆದರಿಸಿ ಅಭ್ಯಾಸವಿಲ್ಲದವನಿಗೆ ಹೆದರಿಕೆಯೂ ಗೌರವದ ಹಾಗೇ ಕಾಣುತ್ತದೆ.

ಆ ವಾರವೇ ಒಂದು ಸಂಜೆ ಚಂದ್ರಣ್ಣ ಮೂಕಪ್ಪನ ಮನೆಗೆ ಬಂದ. ಬಾಗಿಲು ಹಾಕಿದ, ಕಿಟಕಿಯನ್ನೂ ಹಾಕಿದ.

"ಮೂಕಪ್ಪಾರ," ಎಂದ.

ಮೂಕಪ್ಪ ಹಿಂದೆ ತಿರುಗಿ ನೋಡಿದ, ಆ ಗೌರವದ 'ಆರ' ಯಾರಿಗಿರಬಹುದೆಂದು. ಹಿಂದೆ ಯಾರೂ ಇರಲಿಲ್ಲ.

"ನಿಮಗ ಗೊತ್ತಾಗೇತಿ ಅಂತ ನನಗ ಗೊತ್ತೈತ್ರಿ. ನೀವು ಆವತ್ತು ಕಟ್ಟಿ ಮ್ಯಾಲ ನನ್ನ ಮಾರಿ ನೋಡಿದ್ರಲ್ಲ, ಆವಾಗ್ಲೇ ತಿಳೀತು. ಇಗೋರಿ ಫೋನು. ಅದನ್ನ ಬೇರುಸಮೇತ ಕಿತ್ತು ಒಗೀರಿ. ಬೋರ್ಡೂ ಬ್ಯಾಡ, ಅಂಗಡೀನೂ ಬ್ಯಾಡ. ನಮ್ಮ ಮನಿಯಾಕಿ ಕೈಗೆ ಒಂದು ಚೂರು ಸಿಗಬಾರದು."

"ಏನಿತ್ರಿ ಅದ್ರಾಗ?" ಎಂದು ಕೇಳಿದ್ದರೆ ಬುದ್ಧಿವಂತಿಕೆಯಾಗುತ್ತಿತ್ತು. ಆದರೆ ತನ್ನನ್ನು ಎಲ್ಲ ತಿಳಿದವನೆಂದು ನಂಬಿ ಎದುರಿಗೆ ಕೂತವನನ್ನು ಹಾಗೆ ಕೇಳುವುದು ಹೇಗೆ? ಮೂಕಪ್ಪ ಗಂಭೀರವಾಗಿ, "ನೋಡೋಣ್ರಿ, ಸ್ವಲ್ಪ ಟೈಮ್ ಹಿಡೀತೈತಿ," ಎಂದ.

ಚಂದ್ರಣ್ಣ ಮುಂಬಾಗಿಲಿನಿಂದ ಹೋಗಿ ಇನ್ನೂ ತನ್ನ ಮನೆ ಮುಟ್ಟಿರಲಿಲ್ಲ, ಹಿತ್ತಲ ಬಾಗಿಲಿನಿಂದ ಅವನ ಹೆಂಡತಿ ಬಸಲಿಂಗಮ್ಮ ಬಂದಳು. ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಮೂಕಪ್ಪ, ನೀ ನನಗ ತಮ್ಮ ಇದ್ದಂಗ. ಆತನ ಫೋನ್ ನಿನ್ನ ಹತ್ರ ಐತಿ. ಅದ್ರಾಗ ಅಳಿಸಿದ್ದು ನನಗ ತೆಗೆದು ಕೊಡು."

"ಏನಾತ್ರಿ ಅಕ್ಕಾರ?"

ಆಕೆ ಹೇಳಿದ್ದು ಇಷ್ಟು. ಗಂಡ ಸ್ನಾನಕ್ಕೆ ಹೋದಾಗ ಫೋನು ಗುಂಯ್ ಎಂದಿತು. ಎತ್ತಿ ನೋಡಿದರೆ ಸಿರುಗುಪ್ಪದ ಅಕ್ಕನಾಗಮ್ಮ ಎಂಬುವವಳ ಮೆಸೇಜು. ಬಸಲಿಂಗಮ್ಮ ಅದನ್ನು ಬಾಯಿಪಾಠ ಮಾಡಿಕೊಂಡಿದ್ದಳು. ಕಣ್ಣು ಮುಚ್ಚಿ ಒಪ್ಪಿಸಿದಳು:

"ನಿನ್ನೆಗಿಂತ ಇವತ್ತು ಚೊಲೊ ಇತ್ತು. ಉಸಿರು ಇನ್ನೂ ಸ್ವಲ್ಪ ಹೊತ್ತು ಹಿಡೀಬೇಕು. ಮನಿಯಾಗ ಮುಜುಗರ ಆದ್ರ ಗೋಡೌನಿನಾಗ ಮಾಡ್ರಿ. ನಾಳೆ ಮತ್ತ ಕಳಿಸ್ರಿ."

ಮೂಕಪ್ಪನಿಗೆ ತನ್ನ ಉಸಿರೇ ಹಿಡಿದ ಹಾಗಾಯಿತು.

"ಒದ್ದಿ ಮೈಯಾಗೇ ಓಡಿಬಂದು ಕೈಯಾಗಿಂದ ಕಸ್ಕೊಂಡ. ನನ್ನ ಕಣ್ಣ ಮುಂದ ಎಲ್ಲಾ ಅಳಿಸಿದ," ಎಂದಳು ಬಸಲಿಂಗಮ್ಮ. "ಗೋಡೌನಂತ! ಹತ್ತಿ ಗೋಡೌನು! ನಾ ಅದಕ್ಕ ಪ್ರತಿ ಅಮಾಸಿಗೆ ಪೂಜಿ ಮಾಡ್ತೀನಿ!"

ಆಕೆಗೂ ಮೂಕಪ್ಪ "ನೋಡೋಣ್ರಿ" ಎಂದ. ಹೀಗೆ ಒಂದೇ ಫೋನಿನೊಳಗಿನ ಒಂದೇ ವಸ್ತುವನ್ನು ಗಂಡನಿಗಾಗಿ ನಾಶ ಮಾಡುವ, ಹೆಂಡತಿಗಾಗಿ ಬದುಕಿಸುವ ಎರಡು ಹೊಣೆಗಳನ್ನು ಅವನು ಹೊತ್ತ. ಎರಡೂ ತನ್ನಿಂದ ಆಗುವುದಿಲ್ಲ ಎಂಬುದು ಅವನಿಗೆ ಒಳಗೊಳಗೇ ಗೊತ್ತಿತ್ತು.

ಫೋನನ್ನು ವಿಶ್ವವಿದ್ಯಾಲಯಕ್ಕೆ ಒಯ್ದು ಕಂಪ್ಯೂಟರಿಗೆ ಚುಚ್ಚಿದ. ಪೆನ್‌ಡ್ರೈವಿನ ಕಾಲದ ಅದೇ ಸಾಫ್ಟ್‌ವೇರ್ ಹಾಕಿದ. ಅದು ಊಟದ ಹೊತ್ತಿನವರೆಗೂ ಗಿರಗಿರನೆ ತಿರುಗಿ ಕೊನೆಗೆ ಒಂದು ಗುಲಾಬಿ ಹೂವನ್ನು ಹೊರಗೆ ತೆಗೆಯಿತು. ಯಾರೋ ಕಳಿಸಿದ್ದ 'ಶುಭೋದಯ'ದ ಚಿತ್ರ. ಅದೂ ಅರ್ಧ. ಮೂಕಪ್ಪ ಆಫ್ ಮಾಡಿ ಆನ್ ಮಾಡಿದ. ಅದೇ ಗುಲಾಬಿ ಮತ್ತೆ ಬಂತು.

ಆಗಲೇ ಹೋಗಿ ಹೇಳಿಬಿಡಬೇಕಿತ್ತು. ಹೇಳಲು ಎರಡು ಸಲ ಚಂದ್ರಣ್ಣನ ಬಾಗಿಲ ತನಕವೂ ಹೋದ. ಅಷ್ಟರಲ್ಲಿ ದಾರಿಯಲ್ಲಿ ಯಾರೋ "ನಮಸ್ಕಾರ್ರಿ ಮೂಕಪ್ಪಾರ" ಎನ್ನುತ್ತಿದ್ದರು. ಆ 'ಆರ'ವನ್ನು ಇನ್ನೊಂದು ದಿನ ಇಟ್ಟುಕೊಳ್ಳೋಣ ಅನಿಸಿ ವಾಪಸು ಬರುತ್ತಿದ್ದ. ಮೂಕಪ್ಪ ಕೆಟ್ಟವನಲ್ಲ. ಜೀವಮಾನದಲ್ಲಿ ಮೊದಲ ಸಲ ಕುರ್ಚಿಯಲ್ಲಿ ಕೂತವನು, ಏಳಲು ಸ್ವಲ್ಪ ತಡ ಮಾಡಿದ, ಅಷ್ಟೇ.

ಆ ತಡದಲ್ಲಿ ಎದುರುಮನೆ ಹೊತ್ತಿಕೊಂಡಿತು. ಮೂಕಪ್ಪ ಬಾಯಿ ಬಿಡುತ್ತಿಲ್ಲ ಅಂದರೆ ಒಳಗಿರುವುದು ಬಾಯಲ್ಲಿ ಹೇಳಲಾಗದಂಥದ್ದೇ ಎಂದು ಬಸಲಿಂಗಮ್ಮ ತೀರ್ಮಾನಿಸಿದಳು. ನಿಶ್ಚಿತಾರ್ಥದ ದಿನ ಗಂಡನ ಪಕ್ಕದಲ್ಲಿ ತಾನು ಕೂರುವುದಿಲ್ಲ ಎಂದು ಸಾರಿದಳು. ತಂದೆ ತಾಯಿ ಜೊತೆಯಾಗಿ ಕೂತು ತಾಂಬೂಲ ಬದಲಾಯಿಸದ ಮೇಲೆ ಹಾಲಹರವಿಯವರು ಏನೆಂದು ತಿಳಿಯುತ್ತಾರೆ? ಕೋಸಗಿಯಿಂದ ಬಂದ ಸೋದರಮಾವ ಒಂದು ಕಡೆ ಸಮಾಧಾನ ಹೇಳಿದ, ಆಸ್ಪರಿಯ ಚಿಕ್ಕಮ್ಮ ಇನ್ನೊಂದು ಕಡೆ ಎಣ್ಣೆ ಹೊಯ್ದಳು.

ಆಗ ಹೇಮಾವತಿ ತಾನೇ ಮೂಕಪ್ಪನ ಮನೆಗೆ ಬಂದಳು. ಅಳಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ನಿಂತಳು.

"ಕಾಕಾ, ನಮ್ಮಪ್ಪನ ಫೋನಿನಾಗ ಏನೈತೋ ನನಗ ಬ್ಯಾಡ. ಅದು ನನ್ನ ನಿಶ್ಚಿತಾರ್ಥ ಮುರಿಯೋವಷ್ಟು ದೊಡ್ಡದೈತೇನು, ಅಷ್ಟೇ ಹೇಳು. ಇಬ್ರೂ ಊಟ ಬಿಟ್ಟಾರ. ನಾ ಯಾರ ಕಡಿ ಕುಂದ್ರಲಿ?"

ಮೂಕಪ್ಪನಿಗೆ ಅವಳ ಮುಖ ನೋಡಲಾಗಲಿಲ್ಲ. ಈ ಹುಡುಗಿ ಚಿಕ್ಕವಳಿದ್ದಾಗ ಅವನ ಹೆಗಲ ಮೇಲೆ ಕೂತು ಕೋಟೆ ಬೆಟ್ಟ ಹತ್ತಿದ್ದಳು. ತಾನೇನೂ ನೋಡಿಲ್ಲ, ತನಗೇನೂ ಗೊತ್ತಿಲ್ಲ ಎಂದು ಅವಳಿಗೆ ಹೇಳುವ ಬದಲು, ಅಂಗಿ ಹಾಕಿಕೊಂಡು ನೆಟ್ಟಗೆ ಮಾರ್ಕೆಟ್ ಯಾರ್ಡಿನ ಹಿಂದಿನ ಗೋಡೌನಿಗೆ ನಡೆದ.

ಹತ್ತಿ ತುಂಬಿದ ಅಂಡಿಗೆ ಮೂಟೆಗಳ ನಡುವೆ ಚಂದ್ರಣ್ಣ ಒಬ್ಬನೇ ಕೂತಿದ್ದ. ಮೂಕಪ್ಪನನ್ನು ಕಂಡದ್ದೇ ಎದ್ದು ನಿಂತ.

"ತೆಗೆದು ಒಗೆದ್ರೇನು?"

"ಅದಿರ್ಲಿ. ಅಣ್ಣಾರ, ನಾ ನೇರ ಕೇಳ್ತೀನಿ. ಯಾವಾಗಿಂದ ನಡದೈತಿ ಇದು?"

ಚಂದ್ರಣ್ಣ ತಲೆ ತಗ್ಗಿಸಿದ. "ಸಂಕ್ರಾಂತಿ ಆದ ಮ್ಯಾಲ ಸುರು ಮಾಡ್ದೆ."

"ಈ ವಯಸ್ಸಿನಾಗ?"

"ಆಕೀನೂ ಅದನ್ನೇ ಅಂದ್ಲು. ಸಣ್ಣವರಿದ್ದಾಗ ಬರಬೇಕಿತ್ತು, ಈಗ ಎಲ್ಲಾ ಬಿಗಿ ಬಂದೈತಿ ಅಂದ್ಲು. ಆದ್ರೂ ಕೈ ಬಿಡಲಿಲ್ಲ ನೋಡ್ರಿ. ದಿನಾ ಮಾಡಿದ್ರ ಸಡಿಲ ಆಗ್ತೈತಿ ಅಂತ ಧೈರ್ಯ ತುಂಬಿದ್ಲು."

ಮೂಕಪ್ಪ ಬೆವರೊರೆಸಿಕೊಂಡ. "ಆಕಿಗೆ ವಯಸ್ಸೆಷ್ಟು?"

"ಎಪ್ಪತ್ತು ದಾಟೈತಿ. ಏನು ಶಕ್ತಿ ಅಂತೀರಿ! ನಮ್ಮಂಥ ನಾಕು ಮಂದೀನ ಒಮ್ಮಿಗೇ ಕುಂದ್ರಿಸಿ ಸುಸ್ತು ಮಾಡಿಬಿಡ್ತಾಳ."

"ನಾಕು ಮಂದಿ?" ಮೂಕಪ್ಪ ಅಂಡಿಗೆಯ ಮೇಲೆ ಕುಸಿದ.

"ಭಾನುವಾರ ಸಿರುಗುಪ್ಪದಾಗ ಸೇರ್ತೀವಿ. ಒಬ್ಬಾತ ಪೋಸ್ಟ್ ಮಾಸ್ತರ ಅದಾನ, ಆತ ನನಗಿಂತ ಭಾಳ ಹೊತ್ತು ಹಿಡೀತಾನ. ನನಗ ಅದೊಂದು ಹೊಟ್ಟಿಕಿಚ್ಚು. ಅದಕ್ಕ ಇಲ್ಲಿ ಬಂದು ಒಬ್ನೇ ಮಾಡ್ತೀನಿ. ಹತ್ತಿ ಸುತ್ತ ಇರ್ತೈತಿ ನೋಡ್ರಿ, ಹೊರಗ ಸಪ್ಪಳ ಬರಂಗಿಲ್ಲ."

"ಆಕಿಗೆ ಗಂಡ ಇಲ್ಲೇನು?" ಎಂದ ಮೂಕಪ್ಪ.

"ಅದಾನಲ್ಲ. ದೇವರಂಥ ಮನಷಾ."

"ಆತ ಏನಂತಾನ?"

"ಏನಂತಾನ? ಪಕ್ಕದಾಗ ಕುಂತು ತಬಲಾ ಬಾರಸ್ತಾನ."

"ತಬಲಾ?"

"ಮತ್ತ ತಾಳ ಇಲ್ದ ಹೆಂಗ ಹಾಡ್ತಾರ?"

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

"ಹಾಡು," ಎಂದ ಮೂಕಪ್ಪ.

"ಹಾಡು. ಮತ್ತೇನು? ನೀವು ಕೇಳೀರಲ್ಲ, ನಾ ಹಾಡಿ ಕಳಿಸಿದ್ದು?" ಚಂದ್ರಣ್ಣನ ಕಣ್ಣು ಕಿರಿದಾದವು. "ಕೇಳಿಲ್ಲೇನು?"

"ಇಲ್ರಿ. ನನಗೇನೂ ಸಿಕ್ಕಿಲ್ಲ. ಅರ್ಧ ಗುಲಾಬಿ ಸಿಕ್ತು."

"ಲೇ ಮೂಕಪ್ಪ!" ಎಂದು ಕಿರುಚಿದ ಚಂದ್ರಣ್ಣ. 'ಆರ' ಅಲ್ಲೇ ಉದುರಿಹೋಯಿತು. "ಹಂಗಾದ್ರ ನಾನೇ ನನ್ನ ಬಾಯಾರೆ ಎಲ್ಲಾ ಹೇಳಿದ್ನೇನೋ?"

ಆಮೇಲೆ ಕೂತು ಎಲ್ಲವನ್ನೂ ಹೇಳಿದ. ಅವನ ತಾಯಿ ಬೀಸುಕಲ್ಲಿನ ಮುಂದೆ ಒಂದು ಪದ ಹಾಡುತ್ತಿದ್ದಳು. ಮನೆಯ ಸುದ್ದಿಯನ್ನೆಲ್ಲ ಕಲ್ಲಿಗೆ ಹೇಳುತ್ತ ಹೋಗಿ ಕೊನೆಗೆ ಗಂಡನ ಮನೆಗೆ ಹೊರಟ ಮಗಳಿಗೆ ಬುದ್ಧಿ ಹೇಳುವ ಪದ. ಹೇಮಾವತಿಯ ಸಂಬಂಧದ ಮಾತು ಶುರುವಾದಾಗ ಅದು ಅವನಿಗೆ ನೆನಪಾಯಿತು. ಆದರೆ ಅರ್ಧವೇ ನೆನಪಾಯಿತು. ಹತ್ತಿ ಖರೀದಿಗೆ ಸಿರುಗುಪ್ಪಕ್ಕೆ ಹೋದಾಗ, ನಿವೃತ್ತಿಯಾದ ಹಾಡಿನ ಟೀಚರಮ್ಮ ಅಕ್ಕನಾಗಮ್ಮ ದೊಡ್ಡವರಿಗೂ ಕಲಿಸುತ್ತಾಳೆಂದು ಕೇಳಿದ. ಹೋಗಿ ಕೂತ. ಮಗಳನ್ನು ಕಳಿಸುವ ದಿನ ಒಮ್ಮೆ ಹಾಡಬೇಕೆಂಬ ಆಸೆ. ಆದರೆ ತನ್ನ ಧ್ವನಿಯನ್ನು ತಾನೇ ಫೋನಿನಲ್ಲಿ ಕೇಳಿದಾಗೆಲ್ಲ ನಾಚಿಕೆಯಾಗಿ ಅಳಿಸಿಹಾಕುತ್ತಿದ್ದ.

"ಇಷ್ಟನ್ನ ಮನಿಯಾಗ ಹೇಳೋಕ ಏನ್ರಿ?" ಎಂದ ಮೂಕಪ್ಪ. "ಅಕ್ಕಾರು ಏನೇನೋ ತಿಳ್ಕೊಂಡಾರ."

"ತಿಳ್ಕೊಳ್ಳಲಿ. ಹೆಂಗಸಿನ ಸುದ್ದಿ ಅಂದ್ರ ಯಾರ್ಡಿನಾಗ ಒಂದು ವಾರ ಮಾತಾಡಿ ಬಿಡ್ತಾರ. ಚಂದ್ರಣ್ಣ ಹಾಡ್ತಾನ ಅಂದ್ರ ಸಾಯೋತನ ನಗ್ತಾರ."

ಯಾರ್ಡಿನವರನ್ನು ಮೂಕಪ್ಪನೂ ಬಲ್ಲ. ಅದು ಸುಳ್ಳಾಗಿರಲಿಲ್ಲ.

ನಿಶ್ಚಿತಾರ್ಥದ ದಿನ ಚಂದ್ರಣ್ಣನ ಮನೆಯ ಪಡಸಾಲೆ ತುಂಬಿತು. ಹಾಲಹರವಿಯವರು ಒಂದು ಕಡೆ, ಆದೋನಿಯವರು ಒಂದು ಕಡೆ. ಸೋಮೇಶನ ಅಜ್ಜಿ ನಡುವೆ ಕುರ್ಚಿ ಹಾಕಿಸಿಕೊಂಡು ಎರಡೂ ಕಡೆಯವರನ್ನು ತೂಗಿ ನೋಡುತ್ತಿದ್ದಳು. ಸುಂಕಪ್ಪ ಬಂದಿದ್ದ. ಮೂಕಪ್ಪನಿರುವ ಕಡೆ ಯಾವುದಕ್ಕೂ ಇರಲಿ ಎಂದು ಶ್ರೀರಾಮುಲು ಸಾರ್ ಕೂಡ ಬಂದು ಕೂತಿದ್ದರು. ಶಾಸ್ತ್ರ ಮಾಡಿಸಲು ಬಂದಿದ್ದ ಅಯ್ಯನವರು ಹೆಣ್ಣಿನ ತಂದೆ ತಾಯಿ ಬನ್ನಿರಿ ಎಂದರು. ಚಂದ್ರಣ್ಣ ಬಂದ. ಬಸಲಿಂಗಮ್ಮ ಬರಲಿಲ್ಲ.

ಅಯ್ಯನವರು ಮತ್ತೆ ಕರೆದರು. ಅಡಿಗೆಮನೆಯ ಬಾಗಿಲಿನಿಂದ ಧ್ವನಿ ಬಂತು:

"ಮೂಕಪ್ಪ ಹೇಳ್ಲಿ. ಫೋನಿನಾಗ ಏನಿತ್ತು ಅಂತ ಎಲ್ಲಾರ ಮುಂದ ಹೇಳ್ಲಿ. ಆಮ್ಯಾಲ ಕುಂದರ್ತೀನಿ."

ಪಡಸಾಲೆಯ ತಲೆಗಳೆಲ್ಲ ಒಂದೇ ಸಲ ಮೂಕಪ್ಪನ ಕಡೆ ತಿರುಗಿದವು. ಹಾಲಹರವಿಯವರಲ್ಲಿ ಗುಜುಗುಜು ಎದ್ದಿತು. ಹೇಮಾವತಿ ಹೊಸ ಸೀರೆಯ ಸೆರಗನ್ನು ಎರಡೂ ಕೈಯಲ್ಲಿ ಹಿಂಡುತ್ತ ನಿಂತಿದ್ದಳು. ಮೂಕಪ್ಪ ಎದ್ದ. ಇಷ್ಟು ಜನ ಇಷ್ಟು ಗಮನವಿಟ್ಟು ಅವನ ಮಾತಿಗೆ ಕಾದದ್ದು ಅದೇ ಮೊದಲು.

"ನನಗ ಗೊತ್ತಿಲ್ರಿ," ಎಂದ.

ಜೇಬಿನಿಂದ ಚಂದ್ರಣ್ಣನ ಫೋನು ತೆಗೆದು ಎಲ್ಲರಿಗೂ ಕಾಣುವಂತೆ ಹಿಡಿದ.

"ಅಳಿಸಿದ್ದು ತೆಗಿಯೋಕ ನನಗ ಬರಂಗಿಲ್ರಿ. ಆವತ್ತು ಕಟ್ಟಿ ಮ್ಯಾಲ ಬಾಯಿ ಚಪಲಕ್ಕ ಅಂದೆ. ಯಾರ ಫೋನಿನಾಗೂ ನಾ ಏನೂ ನೋಡಿಲ್ಲ. ನೋಡೋಕ ನನ್ನಿಂದ ಆಗಂಗೂ ಇಲ್ಲ."

"ಖರೇನಾ?" ಎಂದು ಸುಂಕಪ್ಪ ಮೇಲೆದ್ದ. ಅವನ ಮುಖದಲ್ಲಿ ಪ್ರಮೋಷನ್ ಬಂದ ಹಾಗಿನ ಕಳೆ.

"ನಿಜಮೇನಾ?" ಎಂದು ಶ್ರೀರಾಮುಲು ಸಾರ್ ಪಕ್ಕದವರ ತೊಡೆ ತಟ್ಟಿದರು. ಪಡಸಾಲೆಯ ಉದ್ದಕ್ಕೂ ಹಲವು ಎದೆಗಳ ಮೇಲಿನ ಕಲ್ಲು ಇಳಿದದ್ದು ಕಣ್ಣಿಗೆ ಕಾಣುವಂತಿತ್ತು. ಅವಮಾನವಾದದ್ದು ಗಾದಿಲಿಂಗಮ್ಮನಿಗೆ ಮಾತ್ರ. "ಸುಳ್ಳು ಹೇಳಾಕ ಹತ್ಯಾನ, ಎಲ್ಲಾ ಬರ್ತೈತಿ ಆತಗ," ಎಂದಳು. ಯಾರೂ ಕೇಳಿಸಿಕೊಳ್ಳಲಿಲ್ಲ.

"ನಿನ್ನ ಬಾಯಿ ಕಟ್ಟ್ಯಾನ ಆತ!" ಎಂದಳು ಬಸಲಿಂಗಮ್ಮ ಒಳಗಿನಿಂದ.

ಮೂಕಪ್ಪ ಚಂದ್ರಣ್ಣನ ಕಡೆ ತಿರುಗಿದ. "ಅಣ್ಣಾರ, ನನ್ನ ಮರ್ಯಾದಿ ಈಗ ಎಲ್ಲಾರ ಮುಂದ ಹೋತು. ಇನ್ನ ನಿಮ್ಮದೊಂದು ಬಾಕಿ ಐತಿ," ಎಂದು ಫೋನನ್ನು ಅವನ ಕೈಯಲ್ಲಿಟ್ಟು ಕೂತ.

ಚಂದ್ರಣ್ಣ ಫೋನನ್ನು ನೋಡಿದ. ಮಗಳನ್ನು ನೋಡಿದ. ರುಮಾಲು ಸರಿಮಾಡಿಕೊಂಡ. ಪೇಟೆಯಲ್ಲಿ ಧಾರಣೆ ಕೂಗಿ ಕೂಗಿ ಒಡೆದ ಗಂಟಲನ್ನು ಸರಿಪಡಿಸಿಕೊಂಡು, ನಿಂತಲ್ಲೇ, ಕಣ್ಣು ಮುಚ್ಚಿ, ಹಾಡತೊಡಗಿದ.

ಅದು ಚೆನ್ನಾಗಿತ್ತೆಂದು ಹೇಳಿದರೆ ನನ್ನ ನಾಲಿಗೆ ಬಿದ್ದುಹೋದೀತು. ಹತ್ತಿ ಮಿಲ್ಲಿನ ಯಂತ್ರಕ್ಕೆ ಕಲ್ಲು ಸಿಕ್ಕಿದ ಹಾಗಿತ್ತು. ಅಜ್ಜಿ ಗಾಬರಿಯಾಗಿ, "ಯಾರಿಗೆ ಏನಾತು? ನೀರು ತರ್ರಿ," ಎಂದಳು. ಹಿಂದಿನ ಸಾಲಿನ ಹತ್ತಿ ವ್ಯಾಪಾರಿಗಳು ಹೆಗಲ ಮೇಲಿನ ವಲ್ಲಿಯನ್ನು ಬಾಯಿಗೆ ಒತ್ತಿಕೊಂಡರು. ಚಂದ್ರಣ್ಣ ನಿಲ್ಲಿಸಲಿಲ್ಲ. ಮೊದಲ ಸಾಲು ದಾಟಿದ, ಎರಡನೆಯದು ದಾಟಿದ. ಮೂರನೆಯದಕ್ಕೆ ಬಂದಾಗ ಮರೆತುಹೋಯಿತು. ಉಸಿರು ಹಿಡಿದು ನಿಂತ. ಮುಖ ಕೆಂಪಾಯಿತು.

ಆಗ ಅಡಿಗೆಮನೆಯ ಬಾಗಿಲಿನಿಂದ ಮೂರನೆಯ ಸಾಲು ಬಂತು.

ಬಸಲಿಂಗಮ್ಮ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಿದ್ದಳು. ಧ್ವನಿ ತಗ್ಗಿತ್ತು, ಸಲೀಸಾಗಿತ್ತು. ಎದುರಿಗೆ ಕಲ್ಲಿದೆ, ಕೈ ತಿರುಗುತ್ತಿದೆ ಅನ್ನುವ ಹಾಗೆ ಮೈ ಸಣ್ಣಗೆ ತೂಗುತ್ತಿತ್ತು. ಚಂದ್ರಣ್ಣ ಕಣ್ಣು ತೆರೆದ.

"ಇದು ನಮ್ಮ ಅತ್ತಿ ಪದ," ಎಂದಳು ಅವಳು ಹಾಡು ನಿಲ್ಲಿಸಿ.

"ನಿನಗ ಬರ್ತೈತೇನು?"

"ನಿಮ್ಮವ್ವನ ಜೊತಿ ಅದೇ ಕಲ್ಲಿನ ಮುಂದ ಕುಂತು ಬೀಸಿದಾಕಿ ನಾನು. ನನಗ ಬರದ ಸಿರುಗುಪ್ಪದಾಕಿಗೆ ಬರ್ತೈತೇನು? ನನ್ನ ಒಂದು ಮಾತು ಕೇಳಬಾರದಿತ್ತೇನ್ರಿ?"

"ಕೇಳಿದ್ರ ನೀ ನಗ್ತಿದ್ದಿ."

ಬಸಲಿಂಗಮ್ಮ ಪ್ರಾಮಾಣಿಕವಾಗಿ ಯೋಚಿಸಿದಳು. "ನಗ್ತಿದ್ದೆ," ಎಂದಳು. "ನಕ್ಕು ಆಮ್ಯಾಲ ಹೇಳಿಕೊಡ್ತಿದ್ದೆ."

ಆಗ ಅಜ್ಜಿ ಕೋಲು ಕುಟ್ಟಿದಳು. "ಎರಡನೇ ಸಾಲಿನಾಗ ಜೋಳ ಅಂದ್ರಲ್ಲ, ತಪ್ಪು. ನಮ್ಮ ಹಾಲಹರವ್ಯಾಗ ಸಜ್ಜಿ ಅಂತೀವಿ." ಜೋಳವೇ ಸರಿ ಎಂದಳು ಬಸಲಿಂಗಮ್ಮ. ಸಜ್ಜೆಯೇ ಸರಿ ಎಂದಳು ಅಜ್ಜಿ, ಹಾಡಿಯೂ ತೋರಿಸಿದಳು. ಜೋಳದವರು ಸಜ್ಜೆಯವರು ಎಂದು ಪಡಸಾಲೆ ಎರಡಾಯಿತು. ಎರಡೂ ಕಡೆಯ ಹೆಂಗಸರು ಒಬ್ಬರ ಮೇಲೊಬ್ಬರು ಹಾಡತೊಡಗಿದರು. ಅಯ್ಯನವರು ಮುಹೂರ್ತ ಮೀರುತ್ತದೆ ಎಂದು ಕೂಗಿ ಕೂಗಿ ಸುಸ್ತಾದರು. ಕೊನೆಗೆ ಬಸಲಿಂಗಮ್ಮ ಗಂಡನ ಪಕ್ಕದಲ್ಲಿ ಕೂತಳು. ಕೂರುವಾಗ ಮೊಣಕೈಯಿಂದ ಅವನ ಪಕ್ಕೆಗೆ ಒಂದು ತಿವಿದಳು. ನಿಧಾನಕ್ಕೆ ತಿವಿದದ್ದಲ್ಲ. ಚಂದ್ರಣ್ಣ ಅದನ್ನು ಸಂತೋಷದಿಂದ ತಡೆದುಕೊಂಡ. ಹೇಮಾವತಿ ಸೆರಗು ಬಿಟ್ಟು, ಅಪ್ಪನ ಕಡೆ ನೋಡಿ, ನಗು ತಡೆಯಲಾರದೆ ಬಾಗಿದಳು. ಬಾಗಿದವಳು ಎದ್ದಾಗ ಕಣ್ಣು ಒದ್ದೆಯಾಗಿದ್ದವು.

ಮಾರ್ಕೆಟ್ ಯಾರ್ಡಿನಲ್ಲಿ ಚಂದ್ರಣ್ಣನನ್ನು ನೋಡಿ ಇಂದಿಗೂ ನಗುತ್ತಾರೆ. ಅವನು ಹೇಳಿದ್ದು ನಿಜವಾಯಿತು. ಆದರೆ ಅದು ಅವನು ಹೆದರಿದಷ್ಟು ನೋಯಿಸಲಿಲ್ಲ.

ಇತ್ತ ಮೂಕಪ್ಪನ ರಾಜ್ಯ ಒಂದೇ ಬೆಳಗಿಗೆ ಮುಗಿಯಿತು. ಹಾಲು ಮತ್ತೆ ತೆಳ್ಳಗಾಯಿತು. ಏಣಿ ಮತ್ತೆ ಪಕ್ಕದ ಮನೆಗೆ ಹೋಯಿತು. ಶ್ರೀರಾಮುಲು ಸಾರ್ ಕುರ್ಚಿಯಲ್ಲಿ ಕೂತೇ ಮೇಜಿನ ಕೆಳಗೆ ಬೆರಳು ತೋರಿಸಿದರು, ಅಲ್ಲಿ ಪ್ಲಗ್ ಸಡಿಲವಾಗಿತ್ತು. ಮೂಕಪ್ಪ ಬಗ್ಗಿ ಒತ್ತಿದ. ಆಶ್ಚರ್ಯವೆಂದರೆ ಅವನಿಗೆ ಬೇಸರವಾಗಲಿಲ್ಲ. ಬೇಸರವಾದದ್ದು ಬೇರೆಯದಕ್ಕೆ. ಇಷ್ಟು ದಿನ ತಾನು ಕಂಡ ನಗುಮುಖಗಳ ಹಿಂದೆ ಇದ್ದದ್ದು ದಿಗಿಲು ಎಂದು ಈಗ ತಿಳಿದಿತ್ತು. ಎಂದೂ ಒಂದು ಇರುವೆಯನ್ನೂ ಹೆದರಿಸದವನು ಇಡೀ ಓಣಿಯ ನಿದ್ದೆ ಕೆಡಿಸಿದ್ದ.

ಮುಂದಿನ ಭಾನುವಾರ ಮಧ್ಯಾಹ್ನ ಅದನ್ನೇ ಹೆಂಡತಿಯ ಹತ್ತಿರ ಹೇಳಿಕೊಂಡ. ಈಶ್ವರಿ ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದಳು.

"ನಾನೂ ಹೆದರಿದ್ದೆ," ಎಂದಳು.

"ನೀನಾ? ನೀ ಯಾಕ?"

"ನಿಜವಾಗ್ಲೂ ನಿಮಗ ಬರಂಗಿಲ್ಲಲ್ಲ?"

"ಬರಂಗಿಲ್ಲ. ನೀನೂ ಹೇಳಬ್ಯಾಡ. ನಾ ಕೇಳಂಗಿಲ್ಲ."

ಈಶ್ವರಿ ಇನ್ನೆರಡು ತೊಟ್ಟು ಮುರಿದಳು. ಆಮೇಲೆ ತಾನಾಗಿಯೇ ಹೇಳಿದಳು. ಅಂಚೆ ಶಿಕ್ಷಣದಲ್ಲಿ ಬಿ.ಎ.ಗೆ ಹೆಸರು ಹಚ್ಚಿದ್ದಳು. ಅವನು ಕೆಲಸಕ್ಕೆ ಹೋದಮೇಲೆ ಓದುತ್ತಿದ್ದಳು. ಇತಿಹಾಸ ಪಾಸಾಗಿತ್ತು, ತೆಲುಗು ಪಾಸಾಗಿತ್ತು. ಕಂಪ್ಯೂಟರ್ ಪೇಪರ್ ಒಂದರಲ್ಲಿ ಫೇಲಾಗಿದ್ದಳು. ಮತ್ತೆ ಕಟ್ಟಿ ಮತ್ತೆ ಫೇಲಾಗಿದ್ದಳು. ಫೇಲಾದದ್ದನ್ನು ತಿಳಿಸಿ ಫೋನಿಗೆ ಬಂದ ಮೆಸೇಜನ್ನು ಅಳಿಸಿದ್ದಳು.

ಮೂಕಪ್ಪ ಅವಳ ಕಡೆ ತಿರುಗಿದ. "ಕಂಪ್ಯೂಟರಿನಾಗ? ನಾ ಮನ್ಯಾಗ ಇರಬೇಕಾದ್ರ? ನನ್ನ ಯಾಕ ಕೇಳ್ಲಿಲ್ಲ?"

"ಕೇಳಿದ್ರ ನೀವು ಅದು ಹೆಂಗಿರಬೇಕಿತ್ತು ಅಂತ ಹೇಳ್ತೀರಿ. ಎಲ್ಲಿ ಒತ್ತಬೇಕು ಅಂತ ಹೇಳಂಗಿಲ್ಲ."

ಅವನು ಎದ್ದು ಒಳಗೆ ಹೋಗಿ ಆಫೀಸಿನ ಹಳೆಯ ಲ್ಯಾಪ್‌ಟಾಪ್ ತಂದು ಅವಳ ಮುಂದಿಟ್ಟ. ಈಶ್ವರಿ ಕೈ ತೊಳೆದುಕೊಂಡು ಬಂದು ಕೂತಳು. ಒಂದು ಲೆಕ್ಕದ ಪುಟ ತೆರೆದಳು. ಅದನ್ನು ತೆರೆಯಲು ಅದಕ್ಕಿಂತ ಸುಲಭವಾದ ದಾರಿ ಇತ್ತು. ಆ ಬಗ್ಗೆ ಮೂಕಪ್ಪನಿಗೆ ಬಲವಾದ ಅಭಿಪ್ರಾಯವೂ ಇತ್ತು.

"ಸ್ವಲ್ಪ ಆ ಕಡಿ ಸರೀರಿ," ಎಂದಳು ಈಶ್ವರಿ. "ನಾನೇ ಒತ್ತತೀನಿ. ಕೇಳಿದ್ರ ಅಷ್ಟ ಹೇಳ್ರಿ."

ಅವನು ಗೋಡೆಗೆ ಒರಗಿ ಕೂತ. ಅವಳು ಒಂದು ಒತ್ತಿದಳು, ಅದು ತಪ್ಪು. ಇನ್ನೊಂದು ಒತ್ತಿದಳು, ಅದೂ ತಪ್ಪು. ಪರದೆಯ ಮೇಲಿದ್ದದ್ದೆಲ್ಲ ಮಾಯವಾಯಿತು. ಅವಳು ಹುಬ್ಬು ಗಂಟಿಕ್ಕಿ ನೋಡುತ್ತ ಕೂತಳು. ಮೂಕಪ್ಪ ತೊಟ್ಟು ಮುರಿಯದೆ ಉಳಿದಿದ್ದ ಮೆಣಸಿನಕಾಯಿಗಳನ್ನು ತನ್ನ ಕಡೆ ಎಳೆದುಕೊಂಡು ಒಂದೊಂದಾಗಿ ಮುರಿಯತೊಡಗಿದ.

"ಬಂತು," ಎಂದಳು ಈಶ್ವರಿ ಸ್ವಲ್ಪ ಹೊತ್ತಿನ ಮೇಲೆ. ಅವನ ಕಡೆ ತಿರುಗಿಯೂ ನೋಡದೆ ಮುಂದಿನ ಲೆಕ್ಕ ಶುರುಮಾಡಿದಳು.